ಹಿಂದಿನ ಚಕ್ರ ಬಿಗಿ, ಸುಟ್ಟ ವಾಸನೆ: ಘಟ್ಟ ಇಳಿಯುವ ಮೊದಲು ದೋಷ ಹುಡುಕುವುದು ಹೇಗೆ

ಹಬ್ಬಕ್ಕೆ ಬಂದಿದ್ದ ಭಾವನನ್ನು ಕುಮಟೆಗೆ ಬಿಟ್ಟು ಬರೋಣ ಅಂತ ಒಂದು ಬೆಳಿಗ್ಗೆ ಶಿರಸಿಯಿಂದ ಬೈಕಿನಲ್ಲಿ ಹೊರಟೆ. ಹಿಂದಿನ ಸಂಜೆ ಅಂಗಳದಲ್ಲಿ ಕೂತು ಚೈನ್ ಟೈಟ್ ಮಾಡಿದ್ದೆ. ಕವರಿಗೆ ಬಡಿದು ಕಟಕಟ ಅನ್ನುತ್ತಿದ್ದದ್ದು ನಿಂತಿತ್ತು. ಒಬ್ಬನೇ ರಸ್ತೆಯವರೆಗೆ ಹೋಗಿ ಬಂದೆ, ಚೆನ್ನಾಗಿಯೇ ಇತ್ತು. ಮರುದಿನ ಹಿಂದೆ ಭಾವ, ಇಬ್ಬರ ನಡುವೆ ಒಂದು ಗೊನೆ ಬಾಳೆಕಾಯಿ. ರಾಗಿಹೊಸಳ್ಳಿ ಹತ್ತಿರ ಬರುವಷ್ಟರಲ್ಲಿ ಗಾಡಿ ಯಾಕೋ ಎಳೆಯುತ್ತಿಲ್ಲ ಅನ್ನಿಸಿತು. ದಿನಾ ಮೂರನೇ ಗೇರಿನಲ್ಲಿ ಹತ್ತುವ ಏರಿಗೆ ಎರಡನೇ ಗೇರು ಬೇಕಾಯಿತು. ಕಾಲಿನ ಹತ್ತಿರ ಗುಂಯ್ ಅಂತ ಒಂದೇ ಸಮ ಸದ್ದು. ಇಬ್ಬರಿದ್ದೇವೆ, ಭಾರ ಜಾಸ್ತಿ ಅಲ್ವಾ ಅಂದುಕೊಂಡು ಮುಂದೆ ಹೋದೆ. ಬಂಡಲ ಕಳೆದ ಮೇಲೆ ಭಾವ ಭುಜ ತಟ್ಟಿದರು. “ಭಾವಾ, ಎಂತದೋ ಸುಟ್ಟ ವಾಸನೆ ಬತ್ತಾ ಇದ್ದು.”

ಘಟ್ಟ ಇಳಿಯಲು ಶುರುವಾಗುವ ದೇವಿಮನೆಯಲ್ಲಿ ದೇವಸ್ಥಾನದ ಹತ್ತಿರ ನಿಲ್ಲಿಸಿದೆ. ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತರೆ ಕೆನ್ನೆಗೆ ಶಾಖ ತಾಗುತ್ತಿತ್ತು. ಮೇಲಿನ ಮರದಿಂದ ಇಬ್ಬನಿಯ ಒಂದು ಹನಿ ಚಕ್ರದ ನಡುವಿನ ಬ್ರೇಕ್ ಡ್ರಮ್ಮಿನ ಮೇಲೆ ಬಿತ್ತು. ಚುಂಯ್ ಅಂದು ಅಲ್ಲೇ ಆರಿಹೋಯಿತು. ಮುಂದಿನ ಚಕ್ರದ ನಡುಭಾಗ, ಅಂದರೆ ಹಬ್, ಮುಟ್ಟಿ ನೋಡಿದೆ, ತಣ್ಣಗಿತ್ತು.

ಅಲ್ಲಿಂದ ಮುಂದೆ ಇಳಿಜಾರು. ಶಿರಸಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ, ಕುಮಟೆ ಕಡಲ ಪಕ್ಕದಲ್ಲಿ. ಆ ಎತ್ತರದ ಬಹುಪಾಲನ್ನು ಈ ಘಟ್ಟದ ತಿರುವುಗಳಲ್ಲೇ ಇಳಿಯಬೇಕು. ಡ್ರಮ್ಮಿನ ಒಳಗೋಡೆಗೆ ಒತ್ತಿ ಚಕ್ರ ನಿಲ್ಲಿಸುವ ಬ್ರೇಕ್ ಶೂ ಅತಿಯಾಗಿ ಕಾದರೆ ಅದರ ಹಿಡಿತ ಹೋಗುತ್ತದೆ. ಪೆಡಲ್ ಪೂರ್ತಿ ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಬ್ರೇಕ್ ಇನ್ನಿಲ್ಲದಷ್ಟು ಬೇಕಾಗುವ ಜಾಗಕ್ಕೆ ನಾವು ಮೊದಲೇ ಕಾದುಹೋದ ಬ್ರೇಕಿನಲ್ಲಿ ಬಂದು ನಿಂತಿದ್ದೆವು. ಭಾವನಿಗೆ ವಾಸನೆ ಗೊತ್ತಾಗದೇ ಇದ್ದಿದ್ದರೆ ಹಾಗೇ ಇಳಿಯುತ್ತಿದ್ದೆ. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಜುಮ್ ಅನ್ನುತ್ತದೆ.

ಹಾಗಾಗಿ ಈ ಒಂದು ದೋಷದ ಬಗ್ಗೆ ವಿವರವಾಗಿ ಬರೆಯುತ್ತಿದ್ದೇನೆ. ನನ್ನದು 125 ಸಿಸಿಯ ಸಾಮಾನ್ಯ ಬೈಕು. ಹಿಂದೆ ಡ್ರಮ್ ಬ್ರೇಕ್, ಪೆಡಲ್‌ನಿಂದ ಚಕ್ರದವರೆಗೆ ಒಂದು ಉದ್ದನೆಯ ರಾಡ್. ನಮ್ಮ ಕಡೆ ಓಡಾಡುವ ಹೆಚ್ಚಿನ ಗಾಡಿಗಳು ಇದೇ ನಮೂನೆಯವು.

ಚೈನ್ ಮುಟ್ಟಿದರೆ ಬ್ರೇಕೂ ಬದಲಾಗುತ್ತದೆ

ಚೈನ್ ಟೈಟ್ ಮಾಡುವುದು ಅಂದರೆ ಹಿಂದಿನ ಚಕ್ರವನ್ನು ಹಿಂದಕ್ಕೆ ಎಳೆಯುವುದು. ಚಕ್ರದ ಜೊತೆ ಬ್ರೇಕ್ ಡ್ರಮ್ಮೂ ಹಿಂದೆ ಹೋಗುತ್ತದೆ, ಡ್ರಮ್ಮಿನ ಹೊರಗೆ ಕಾಣುವ ಬ್ರೇಕ್ ಆರ್ಮ್ ಕೂಡ ಹೋಗುತ್ತದೆ. ಆದರೆ ಪೆಡಲ್ ಇದ್ದಲ್ಲೇ ಇದೆ, ರಾಡಿನ ಉದ್ದವೂ ಅಷ್ಟೇ ಇದೆ. ಆಗ ಏನಾಗುತ್ತದೆ? ರಾಡ್ ಆ ಆರ್ಮನ್ನು ಮುಂದಕ್ಕೆ ಎಳೆದು ಹಿಡಿದ ಹಾಗಾಗುತ್ತದೆ. ಯಾರೋ ಪೆಡಲ್ ಮೇಲೆ ಸ್ವಲ್ಪ ಕಾಲಿಟ್ಟೇ ಕೂತ ಹಾಗೆ. ಶೂ ಡ್ರಮ್ಮಿಗೆ ಉಜ್ಜುತ್ತಲೇ ಇರುತ್ತದೆ. ನಿಧಾನಕ್ಕೆ ಹತ್ತು ಹೆಜ್ಜೆ ತಳ್ಳಿದರೆ ಗೊತ್ತಾಗುವುದಿಲ್ಲ. ಇಪ್ಪತ್ತು ಕಿಲೋಮೀಟರ್ ಓಡಿದರೆ ಡ್ರಮ್ ಒಲೆಯಾಗುತ್ತದೆ.

ಎರಡನೆಯ ತಪ್ಪೂ ಅದೇ ಸಂಜೆಯದ್ದು: ಚೈನಿಗೆ ಬೇಕಾದಷ್ಟು ಸಡಿಲು ಬಿಟ್ಟಿರಲಿಲ್ಲ. ಗಾಡಿ ಮೇನ್ ಸ್ಟ್ಯಾಂಡ್ ಮೇಲೆ ಇದ್ದಾಗ ಚೈನ್ ನೋಡಿದ್ದೆ. ಆಗ ಹಿಂದಿನ ಚಕ್ರ ಕೆಳಗೆ ಜೋತುಬಿದ್ದಿರುತ್ತದೆ. ಇಬ್ಬರು ಕೂತರೆ ಶಾಕ್ ಅಬ್ಸಾರ್ಬರ್ ಒತ್ತಿ ಚಕ್ರ ಮೇಲೆ ಬರುತ್ತದೆ. ಹಾಗೆ ಮೇಲೆ ಬರುವಾಗ ಎಂಜಿನ್ ಬದಿಯ ಸ್ಪ್ರಾಕೆಟ್‌ಗೂ (ಚೈನ್ ಕೂರುವ ಹಲ್ಲುಚಕ್ರ) ಚಕ್ರದ ಆಕ್ಸಲ್‌ಗೂ (ನಡುವಿನ ಅಚ್ಚು) ನಡುವಿನ ದೂರ ಜಾಸ್ತಿಯಾಗುತ್ತದೆ. ಸ್ಪ್ರಾಕೆಟ್, ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿನ ಕೀಲು, ಆಕ್ಸಲ್ ಮೂರೂ ಒಂದೇ ಸಾಲಿಗೆ ಬಂದಾಗ ಆ ದೂರ ಗರಿಷ್ಠ. ಚೈನಿಗೆ ಇಟ್ಟ ಸಡಿಲು ಇರುವುದೇ ಈ ವ್ಯತ್ಯಾಸವನ್ನು ನುಂಗಿಕೊಳ್ಳಲಿ ಅಂತ. ನನ್ನ ಗಾಡಿಯ ಚೈನಿಗೆ ಮೇಲೆ ಕೆಳಗೆ ಒಟ್ಟು 20ರಿಂದ 30 ಮಿಲಿಮೀಟರ್ ಆಟ ಬೇಕು. ನಾನು ಸದ್ದು ನಿಲ್ಲುವ ತನಕ ಎಳೆದಿದ್ದೆ, ಅಳತೆ ನೋಡಿರಲಿಲ್ಲ. ದೇವಿಮನೆಯಲ್ಲಿ ನೋಡಿದರೆ ಹತ್ತು ಮಿಲಿಮೀಟರೂ ಇರಲಿಲ್ಲ. ಆ ಗುಂಯ್ ಸದ್ದು ಬಂದದ್ದು ಅಲ್ಲಿಂದ. ಹಾಗೇ ತಿಂಗಳುಗಟ್ಟಲೆ ಓಡಿಸಿದರೆ ಚಕ್ರದ ಬೇರಿಂಗ್, ಗೇರ್ ಬಾಕ್ಸಿನ ಶಾಫ್ಟಿನ ಬೇರಿಂಗ್, ಅಲ್ಲಿನ ಆಯಿಲ್ ಸೀಲ್ ಎಲ್ಲಕ್ಕೂ ಏಟು.

ಸಡಿಲ ಚೈನ್ ಕಟಕಟ ಸದ್ದು ಮಾಡಿ ತಿಳಿಸುತ್ತದೆ. ಬಿಗಿ ಚೈನ್ ಗಮನಕ್ಕೆ ಬಾರದಷ್ಟು ಸಣ್ಣ ಸದ್ದಿನಲ್ಲೇ ಹಾಳು ಮಾಡುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಅಂದಾಜಿನಲ್ಲಿ ಮಾಡುವವರು ಸ್ವಲ್ಪ ಸಡಿಲದ ಕಡೆಗೇ ನಿಲ್ಲಿಸುವುದು ವಾಸಿ. ತೀರಾ ಸಡಿಲವಾದರೆ ಸ್ಪ್ರಾಕೆಟ್‌ನಿಂದ ಕಳಚಿ ಚಕ್ರವೇ ಜಾಮ್ ಆಗಬಹುದು, ಅದೂ ಅಪಾಯವೇ. ಮಕ್ಕಳ ಕಂಪಾಸ್ ಪೆಟ್ಟಿಗೆಯ ಸ್ಕೇಲ್ ಇಟ್ಟು ಅಳೆದರೆ ಎರಡು ನಿಮಿಷದ ಕೆಲಸ.

ದೋಷ ಎಲ್ಲಿದೆ ಅಂತ ಹುಡುಕುವುದು

ಹಿಂದಿನ ಚಕ್ರ ಬಿಗಿ ಅನ್ನಿಸಿದರೆ ಮೊದಲು ಗಾಡಿ ಆರಲಿ. ಕಾದ ಡ್ರಮ್ಮಿಗೆ ನೀರು ಸುರಿಯಬೇಡಿ, ಲೋಹ ಸೀಳಬಹುದು. ನಾವು ಅರ್ಧ ಗಂಟೆ ಕಾದೆವು.

ಆಮೇಲೆ ಎಂಜಿನ್ ಬಂದ್ ಮಾಡಿ, ಮೇನ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಇಟ್ಟು ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿ ಬಿಡಿ. ಎಂಜಿನ್ ಬಂದ್ ಅನ್ನುವುದನ್ನು ಒತ್ತಿ ಹೇಳುತ್ತೇನೆ. ಎಂಜಿನ್ ಓಡುತ್ತಿರುವಾಗ ಗೇರು ಹಾಕಿ ಚಕ್ರ ತಿರುಗಿಸುತ್ತಾ ಚೈನಿಗೆ ಬಟ್ಟೆ ಹಿಡಿಯುವವರನ್ನು ನೋಡಿದ್ದೇನೆ. ಬಟ್ಟೆ ಸ್ಪ್ರಾಕೆಟ್‌ಗೆ ಸಿಕ್ಕಿದರೆ ಜೊತೆಗೆ ಬೆರಳೂ ಹೋಗುತ್ತದೆ.

ಬಿಟ್ಟ ಚಕ್ರ ಒಂದೆರಡು ಸುತ್ತು ಸಲೀಸಾಗಿ ತಿರುಗಿ ನಿಲ್ಲಬೇಕು. ನನ್ನದು ಅರ್ಧ ಸುತ್ತಿಗೆ ನಿಂತಿತು. ಈಗ ಬ್ರೇಕ್ ರಾಡಿನ ತುದಿಯ ನಟ್ ಪೂರ್ತಿ ಸಡಿಲಿಸಿ ಮತ್ತೆ ತಿರುಗಿಸಿ. ಇದೊಂದೇ ಪರೀಕ್ಷೆ ಅರ್ಧ ಉತ್ತರ ಕೊಡುತ್ತದೆ. ಚಕ್ರ ಸಲೀಸಾದರೆ ಡ್ರಮ್ಮಿನ ಒಳಗೆ ತೊಂದರೆ ಇಲ್ಲ, ಅಡ್ಜಸ್ಟ್‌ಮೆಂಟ್ ತಪ್ಪಿದೆ, ಇಲ್ಲವೇ ಪೆಡಲ್ ವಾಪಸ್ ಬರುತ್ತಿಲ್ಲ. ಸಲೀಸಾಗದಿದ್ದರೆ ಆರ್ಮನ್ನು ಕೈಯಲ್ಲಿ ಹಿಂದಕ್ಕೆ ಒತ್ತಿ ನೋಡಿ. ಒತ್ತಿದಾಗ ಅದು ಇನ್ನೂ ಹಿಂದೆ ಹೋಗಿ ಚಕ್ರ ಬಿಟ್ಟುಕೊಂಡರೆ ಶೂಗಳನ್ನು ಹೊರಕ್ಕೆ ದೂಡುವ ಒಳಗಿನ ಕ್ಯಾಮ್ ತುಕ್ಕು ಹಿಡಿದು ಕೂತಿದೆ, ಅಥವಾ ಎಳೆದುಕೊಳ್ಳುವ ಸ್ಪ್ರಿಂಗ್ ಸೋತಿದೆ. ಆರ್ಮ್ ಪೂರ್ತಿ ಹಿಂದಿದ್ದೂ ಚಕ್ರ ಬಿಗಿಯಾಗಿದ್ದರೆ ಚೈನ್ ನೋಡಿ, ಆಮೇಲೆ ಬೇರಿಂಗ್. ಬೇರಿಂಗ್ ಹೋಗಿದ್ದರೆ ಟೈರನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿದಾಗ ಟಕ್ ಟಕ್ ಅನ್ನುತ್ತದೆ, ಇಲ್ಲವಾದರೆ ತಿರುಗುವಾಗ ಮರಳು ಅರೆದ ಹಾಗೆ ಕೈಗೆ ತಿಳಿಯುತ್ತದೆ.

ಪೆಡಲ್ ಬದಿಯ ದೋಷಕ್ಕೆ ಇನ್ನೊಂದು ಸುಲಭದ ಗುರುತಿದೆ. ಕೀ ಹಾಕಿ ಹಿಂದಿನ ಬ್ರೇಕ್ ಲೈಟ್ ನೋಡಿ. ಕಾಲು ತೆಗೆದರೂ ಲೈಟ್ ಉರಿಯುತ್ತಲೇ ಇದ್ದರೆ ಪೆಡಲ್ ವಾಪಸ್ ಬರುತ್ತಿಲ್ಲ, ಅಥವಾ ಸ್ವಿಚ್ ಸಿಕ್ಕಿಕೊಂಡಿದೆ. ಘಟ್ಟದ ಮೇಲೆ ತೋಟದ ದಾರಿಯಲ್ಲಿ ಓಡಾಡುವ ಗಾಡಿಗಳಲ್ಲಿ ಪೆಡಲ್ ಬುಡಕ್ಕೆ ಕೆಂಪು ಮಣ್ಣು ಮೆತ್ತಿ, ಒಣಗಿ ಗಟ್ಟಿಯಾಗುತ್ತದೆ. ಮಣ್ಣು ತೊಳೆದು ಎರಡು ಹನಿ ಎಣ್ಣೆ ಬಿಟ್ಟರೆ ಸಾಕು. ಲೈಟ್ ಆರಿದ್ದೂ ಚಕ್ರ ಬಿಗಿ ಅಂದರೆ ದೋಷ ರಾಡಿನಿಂದ ಹಿಂದೆ ಇದೆ.

ನನ್ನ ಗಾಡಿಯಲ್ಲಿ ಲೈಟ್ ಆರಿತ್ತು. ನಟ್ ಸಡಿಲಿಸಿದ ಮೇಲೆ ಚಕ್ರ ತಿರುಗಿತು, ಆದರೆ ಪ್ರತಿ ಸುತ್ತಿಗೂ ಒಂದು ಕಡೆ ತಡೆದು ತಡೆದು ಹೋಗುತ್ತಿತ್ತು. ಅದು ಚೈನಿನ ಬಿಗಿ. ಗಾಡಿಯ ಜೊತೆ ಬಂದ ಪಾನಾ ಸೀಟಿನ ಕೆಳಗೇ ಇತ್ತು. ಆಕ್ಸಲ್ ನಟ್ ಸಡಿಲಿಸಿ, ಚಕ್ರವನ್ನು ಹಿಂದೆ ಮುಂದೆ ಸರಿಸುವ ಎರಡೂ ಬದಿಯ ಅಡ್ಜಸ್ಟರ್ ಸಮ ಸಮ ಬಿಟ್ಟು, ಭಾವ ಹಿಂದಿನಿಂದ ಚಕ್ರವನ್ನು ಮುಂದಕ್ಕೆ ಒತ್ತಿ ಹಿಡಿದರು. ನಟ್ ಟೈಟ್ ಮಾಡಿ, ಕೊನೆಗೆ ಬ್ರೇಕ್ ಹೊಂದಿಸಿದೆ. ಬಾಳೆಗೊನೆಗೆ ಏನೂ ಆಗಿರಲಿಲ್ಲ.

ಭಾವನ ಗಾಡಿ: ಅದೇ ಲಕ್ಷಣ, ಬೇರೆ ಕಾರಣ

ಕುಮಟೆ ತಲುಪಿ ಚಹಾ ಕುಡಿಯುವಾಗ ಭಾವ ತಮ್ಮ ಗಾಡಿಯದ್ದೂ ಹಿಂದಿನ ಚಕ್ರ ಬಿಗಿ ಅಂದರು. ಅದರ ಚೈನನ್ನು ತಿಂಗಳಿಂದ ಯಾರೂ ಮುಟ್ಟಿರಲಿಲ್ಲ. ಪೆಡಲ್ ಒತ್ತಿ ಬಿಟ್ಟರೆ ಆರ್ಮ್ ನಿಧಾನಕ್ಕೆ, ಮನಸ್ಸಿಲ್ಲದ ಹಾಗೆ ಹಿಂದೆ ಸರಿಯುತ್ತಿತ್ತು. ರಾಡಿನ ನಟ್ ಬಿಚ್ಚಿದರೂ ಚಕ್ರ ಬಿಡಲಿಲ್ಲ. ಕೈಯಲ್ಲಿ ಆರ್ಮ್ ಒತ್ತಿದ ಕೂಡಲೇ ಬಿಟ್ಟಿತು.

ಚಕ್ರ ಇಳಿಸಿ ನೋಡಿದಾಗ ಕ್ಯಾಮ್ ಕೂರುವ ತೂತಿನ ಸುತ್ತ ಅರಿಶಿನ ಕುಂಕುಮ ಕಲಸಿದ ಬಣ್ಣದ ತುಕ್ಕು. ಅವರ ಮನೆಗೆ ಕಡಲು ಹತ್ತಿರ. ಗಾಡಿ ರಾತ್ರಿಯೆಲ್ಲ ಹೊರಗೇ ನಿಲ್ಲುತ್ತದೆ. ಉಪ್ಪು ಗಾಳಿ ಬೋಲ್ಟಿನ ತಲೆ, ಚೈನಿನ ಕೊಂಡಿ, ಕ್ಯಾಮ್ ಯಾವುದನ್ನೂ ಬಿಡುವುದಿಲ್ಲ. ಕಾರವಾರ, ಅಂಕೋಲಾ ಕಡೆ ಮೀನಿನ ಬಾಕ್ಸ್ ಕಟ್ಟಿಕೊಂಡು ಓಡಾಡುವ ಗಾಡಿಗಳಿಗೆ ಇದು ಇನ್ನೂ ಬೇಗ ಆಗುತ್ತದೆ. ಬಾಕ್ಸಿನಿಂದ ಇಳಿಯುವ ಉಪ್ಪುನೀರು ನೇರ ಚೈನ್ ಮತ್ತು ಹಿಂದಿನ ಹಬ್ ಮೇಲೆ ಬೀಳುತ್ತದೆ. ಸಂಜೆ ಮನೆಗೆ ಬಂದ ಮೇಲೆ ಬಾವಿಯ ಸಿಹಿನೀರು ಎರಡು ಚೊಂಬು ಹೊಯ್ದು ಒರೆಸಿದರೂ ತುಕ್ಕು ಎಷ್ಟೋ ಕಡಿಮೆಯಾಗುತ್ತದೆ.

ಕ್ಯಾಮ್ ಹೊರಗೆ ತೆಗೆದು ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ, ಬಿಸಿ ತಡೆಯುವ ಗ್ರೀಸನ್ನು ತೆಳ್ಳಗೆ ಸವರಿ ಹಾಕಿದೆವು. ತೆಗೆಯುವ ಮೊದಲು ಆರ್ಮ್ ಮತ್ತು ಕ್ಯಾಮ್ ಯಾವ ಗುರುತಿಗೆ ಕೂತಿದೆ ಅಂತ ಫೋಟೋ ಹೊಡೆದುಕೊಳ್ಳಿ. ಒಂದು ಹಲ್ಲು ಆಚೀಚೆ ಕೂರಿಸಿದರೂ ಬ್ರೇಕ್ ಸರಿ ಹಿಡಿಯುವುದಿಲ್ಲ. ಗ್ರೀಸ್ ಶೂಗೆ ತಾಗಬಾರದು. ಒಳಗಿನ ಕಪ್ಪು ಪುಡಿಯನ್ನು ಬಾಯಿಯಿಂದ ಊದಬೇಡಿ, ಅದು ಎದೆಗೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಇಲ್ಲಿ ಒಂದು ಅಡ್ಡದಾರಿ ಬಹಳ ಜನ ಹಿಡಿಯುತ್ತಾರೆ. ಚಕ್ರ ಇಳಿಸುವುದು ಯಾಕೆ ಅಂತ ಹೊರಗಿನಿಂದಲೇ ಆರ್ಮಿನ ಬುಡಕ್ಕೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುತ್ತಾರೆ. ಆರ್ಮ್ ಸಲೀಸಾಗುತ್ತದೆ ನಿಜ. ಆದರೆ ಅದೇ ಎಣ್ಣೆ ಒಳಗಿಳಿದು ಶೂಗೆ ಹತ್ತಿದರೆ ಬ್ರೇಕೇ ಹಿಡಿಯುವುದಿಲ್ಲ. ಬಿಗಿ ಚಕ್ರಕ್ಕಿಂತ ಅದು ನೂರು ಪಾಲು ಕೆಟ್ಟದ್ದು. ದಯವಿಟ್ಟು ಹಾಗೆ ಮಾಡಬೇಡಿ.

ಹೊಂದಿಸುವ ಕ್ರಮ

ಮೊದಲು ಚೈನ್, ಆಮೇಲೆ ಆಕ್ಸಲ್, ಕೊನೆಗೆ ಬ್ರೇಕ್. ತಿರುವುಮುರುವು ಮಾಡಿದರೆ ಮಾಡಿದ ಕೆಲಸ ವ್ಯರ್ಥ.

ಚೈನ್ ಕವರಿನಲ್ಲಿ ಒಂದು ರಬ್ಬರ್ ಬಿರಡೆ ಇರುತ್ತದೆ. ಅದನ್ನು ತೆಗೆದರೆ ಕೆಳಗಿನ ಸಾಲಿನ ಚೈನ್ ಕಾಣುತ್ತದೆ. ಎರಡು ಸ್ಪ್ರಾಕೆಟ್ ನಡುವಿನ ಮಧ್ಯದಲ್ಲಿ ಬೆರಳಿನಿಂದ ಮೇಲೆ ಒತ್ತಿ, ಕೆಳಗೆ ಎಳೆಯಿರಿ. ಒಟ್ಟು ಎಷ್ಟು ಆಡುತ್ತದೋ ಅದೇ ಅಳತೆ. ನಿಮ್ಮ ಗಾಡಿಗೆ ಎಷ್ಟು ಅಂತ ಜೊತೆಗೆ ಕೊಟ್ಟ ಪುಸ್ತಕದಲ್ಲಿ ಇರುತ್ತದೆ. ಅಲ್ಲಿಯ ಸಂಖ್ಯೆಯನ್ನೇ ನಂಬಿ, ಪಕ್ಕದ ಮನೆಯ ಗಾಡಿಯದ್ದನ್ನಲ್ಲ.

ಒಂದೇ ಕಡೆ ನೋಡಿ ಬಿಡಬೇಡಿ. ಹಳೆ ಚೈನ್ ಎಲ್ಲ ಕಡೆ ಒಂದೇ ಸಮ ಹಿಗ್ಗಿರುವುದಿಲ್ಲ. ಚಕ್ರ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ನಾಲ್ಕೈದು ಕಡೆ ಅಳೆಯಿರಿ. ಎಲ್ಲಿ ಅತಿ ಬಿಗಿಯೋ ಅಲ್ಲಿ ನಿಲ್ಲಿಸಿ, ಆ ಜಾಗಕ್ಕೆ ಸರಿಹೊಂದುವಂತೆ ಮಾಡಿ. ನಾನು ಅಂದು ಸಂಜೆ ಅತಿ ಸಡಿಲ ಇದ್ದ ಕಡೆಯಲ್ಲೇ ನಿಲ್ಲಿಸಿ ಬಿಗಿ ಮಾಡಿದ್ದೆ. ಒಂದು ಕಡೆ 35, ಇನ್ನೊಂದು ಕಡೆ 15 ಅನ್ನುವಷ್ಟು ವ್ಯತ್ಯಾಸ ಬಂದರೆ ಆ ಚೈನಿನ ಕಾಲ ಮುಗಿದಿದೆ. ಹಿಂದಿನ ಸ್ಪ್ರಾಕೆಟ್‌ನ ಹಿಂಬದಿಯಲ್ಲಿ ಚೈನನ್ನು ಹಿಡಿದು ಹೊರಕ್ಕೆ ಎಳೆಯಿರಿ. ಅರ್ಧ ಹಲ್ಲು ಕಾಣುವಷ್ಟು ಎದ್ದು ಬಂದರೂ ಹಾಗೇ ಅರ್ಥ. ಬದಲಿಸುವಾಗ ಎರಡೂ ಸ್ಪ್ರಾಕೆಟ್ ಜೊತೆಗೇ ಬದಲಿಸಿ. ಹಳೇ ಸ್ಪ್ರಾಕೆಟ್ ಹೊಸ ಚೈನನ್ನು ಬೇಗ ತಿಂದುಹಾಕುತ್ತದೆ.

ಅಡ್ಜಸ್ಟರ್ ಎಡಕ್ಕೆ ಎಷ್ಟು ಸುತ್ತೋ ಬಲಕ್ಕೂ ಅಷ್ಟೇ. ಎರಡೂ ಬದಿಯ ಗೆರೆ ಒಂದೇ ಲೆಕ್ಕಕ್ಕೆ ನಿಲ್ಲಬೇಕು. ಇಲ್ಲದಿದ್ದರೆ ಚಕ್ರ ಸೊಟ್ಟ ಕೂತು ಗಾಡಿ ಒಂದು ಬದಿಗೆ ಎಳೆಯುತ್ತದೆ. ಆಕ್ಸಲ್ ನಟ್ ಟೈಟ್ ಮಾಡುವಾಗ ಇನ್ನೊಬ್ಬರು ಬ್ರೇಕ್ ಪೆಡಲ್ ಒತ್ತಿ ಹಿಡಿದರೆ ಶೂ ಡ್ರಮ್ಮಿನ ನಡುವೆ ಸರಿಯಾಗಿ ಕೂರುತ್ತದೆ. ಟೈಟ್ ಆದ ಮೇಲೆ ಚೈನ್ ಮತ್ತೊಮ್ಮೆ ಅಳೆಯಿರಿ, ನಟ್ ತಿರುಗಿಸುವಾಗಲೇ ಎರಡು ಮೂರು ಮಿಲಿಮೀಟರ್ ಬದಲಾಗುತ್ತದೆ. ಆಕ್ಸಲ್ ನಟ್ ಕಳಚದಂತೆ ಸ್ಪ್ಲಿಟ್ ಪಿನ್ ಇರುವ ಗಾಡಿಯಾದರೆ ಹೊಸ ಪಿನ್ ಹಾಕಿ. ಆಮೇಲೆ ಮನೆಯವರನ್ನು ಇಬ್ಬರನ್ನು ಸೀಟಿನ ಮೇಲೆ ಕೂರಿಸಿ ಚೈನ್ ಮುಟ್ಟಿ ನೋಡಿ. ಆಗಲೂ ಸ್ವಲ್ಪ ಆಟ ಉಳಿದಿರಬೇಕು.

ಈಗ ಬ್ರೇಕ್. ಪೆಡಲ್ ಮೇಲೆ ಕೈಯಿಟ್ಟು ಒತ್ತಿದರೆ ಹಿಡಿಯುವ ಮೊದಲು 20ರಿಂದ 30 ಮಿಲಿಮೀಟರ್ ಖಾಲಿ ಇಳಿಯಬೇಕು. ಮೆಕ್ಯಾನಿಕ್‌ಗಳು ಇದನ್ನು ಪ್ಲೇ ಅನ್ನುತ್ತಾರೆ. ರಾಡಿನ ನಟ್‌ನ ಮುಖದಲ್ಲಿ ಒಂದು ಬಾಗಿದ ಕಚ್ಚು ಇದೆ. ಅದು ಆರ್ಮಿನ ಪಿನ್ ಮೇಲೆ ಸರಿಯಾಗಿ ಕೂರಬೇಕು, ಹಾಗಾಗಿ ಅರ್ಧರ್ಧ ಸುತ್ತಿನ ಲೆಕ್ಕದಲ್ಲೇ ತಿರುಗಿಸಿ. ಕಚ್ಚು ಕೂರದೆ ಬಿಟ್ಟರೆ ಮೊದಲ ಸಲ ಜೋರಾಗಿ ಒತ್ತಿದಾಗ ಅದು ಟಕ್ ಅಂತ ಕೂತು ಪ್ಲೇ ಬದಲಾಗುತ್ತದೆ. ಬ್ರೇಕ್ ಪೂರ್ತಿ ಒತ್ತಿ ಹಿಡಿದು ಆರ್ಮಿನ ಬುಡದ ಬಾಣದ ಗುರುತು ನೋಡಿ. ಅದು ಪ್ಲೇಟಿನ ಮೇಲಿನ ಗುರುತಿಗೆ ಮುಟ್ಟಿದ್ದರೆ ಶೂ ಸವೆದು ಹೋಗಿದೆ, ಇನ್ನು ನಟ್ ತಿರುಗಿಸಿ ಪ್ರಯೋಜನವಿಲ್ಲ. ಕೊನೆಗೆ ಬ್ರೇಕ್ ಲೈಟ್. ಚಕ್ರ ಹಿಡಿಯಲು ಶುರುವಾಗುವ ಸ್ವಲ್ಪ ಮೊದಲೇ ಅದು ಹತ್ತಬೇಕು.

ಉಳಿದದ್ದು

ಟೈರಿನ ಗಾಳಿಯನ್ನು ಬೆಳಿಗ್ಗೆ ತಣ್ಣಗಿದ್ದಾಗಲೇ ನೋಡಬೇಕು. ನನ್ನ ಗಾಡಿಗೆ ಮುಂದೆ 25 ಪಿಎಸ್‌ಐ, ಹಿಂದೆ ಒಬ್ಬರಿಗೆ 28, ಇಬ್ಬರಿಗೆ 36. ಇಬ್ಬರು ಹೋಗುವ ದಿನ ಹಿಂದಿನದಕ್ಕೆ ಜಾಸ್ತಿ ಹಾಕಿಸುವುದನ್ನು ಎಲ್ಲರೂ ಮರೆಯುತ್ತಾರೆ. ಎಂಜಿನ್ ಆಯಿಲ್ ಅನ್ನು ಸಮತಟ್ಟು ಜಾಗದಲ್ಲಿ ಮೇನ್ ಸ್ಟ್ಯಾಂಡ್ ಮೇಲೆಯೇ ನೋಡಿ. ಸೈಡ್ ಸ್ಟ್ಯಾಂಡ್ ಮೇಲೆ ನೋಡಿದರೆ ಸುಳ್ಳು ಲೆಕ್ಕ. ಕ್ಲಚ್ ಲಿವರಿನ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಆಟ ಇರಲಿ. ಹ್ಯಾಂಡಲ್ ಪೂರ್ತಿ ಎಡಕ್ಕೂ ಬಲಕ್ಕೂ ತಿರುಗಿಸಿ ಎಕ್ಸಲರೇಟರ್ ಬಿಟ್ಟರೆ ತಾನಾಗಿ ವಾಪಸ್ ಬರಬೇಕು. ಲೈಟು, ಹಾರನ್ನು, ಕನ್ನಡಿ ನೋಡಲು ಅರ್ಧ ನಿಮಿಷ.

ಚೈನಿಗೆ ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ 90 ನಂಬರ್ ಗೇರ್ ಆಯಿಲ್ ಹಾಕುತ್ತೇನೆ. ಎಂಜಿನ್‌ನಿಂದ ತೆಗೆದ ಕಪ್ಪು ಆಯಿಲ್ ಹಾಕಬೇಡಿ. ಅದರಲ್ಲಿರುವ ಲೋಹದ ಪುಡಿ ಚೈನನ್ನೇ ಅರೆಯುತ್ತದೆ. ನಮ್ಮ ಮಳೆಗಾಲದಲ್ಲಿ ಎಣ್ಣೆ ಒಂದು ವಾರವೂ ನಿಲ್ಲುವುದಿಲ್ಲ, ಬೇಸಿಗೆಯ ಲೆಕ್ಕ ಇಟ್ಟುಕೊಂಡು ಕೂರಬೇಡಿ. ಹಳ್ಳದ ನೀರು ದಾಟಿದ ಮೇಲೆ ಡ್ರಮ್ ಬ್ರೇಕ್ ಸ್ವಲ್ಪ ಹೊತ್ತು ಹಿಡಿಯುವುದಿಲ್ಲ. ನಿಧಾನಕ್ಕೆ ಹೋಗುತ್ತಾ ಎರಡು ಮೂರು ಸಲ ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳಿ.

ಪೆಟ್ರೋಲ್ ಉಳಿಯಲಿ ಅಂತ ಘಟ್ಟದಲ್ಲಿ ನ್ಯೂಟ್ರಲ್ ಹಾಕಿ ಇಳಿಯುವವರು ಈಗಲೂ ಇದ್ದಾರೆ. ಎಂಜಿನ್ ಎಳೆದು ಹಿಡಿಯುವ ಬಲವನ್ನು ಬಿಟ್ಟು ಪೂರ್ತಿ ಭಾರ ಬ್ರೇಕಿನ ಮೇಲೆ ಹಾಕಿದ ಹಾಗೆ ಅದು. ನಾನು ದೇವಿಮನೆಯಿಂದ ಘಟ್ಟದ ಕೆಳಗಿನ ಕತಗಾಲದ ತನಕ ಎರಡು ಇಲ್ಲವೇ ಮೂರನೇ ಗೇರಿನಲ್ಲೇ ಇಳಿಯುತ್ತೇನೆ. ಎರಡೂ ಬ್ರೇಕ್ ಒಟ್ಟಿಗೆ ಒತ್ತುತ್ತೇನೆ, ತಿರುವಿನ ಮೊದಲು ಒತ್ತಿ, ತಿರುವಿನಲ್ಲಿ ಬಿಡುತ್ತೇನೆ.

ಚೈನ್ ಅಥವಾ ಬ್ರೇಕ್ ಮುಟ್ಟಿದ ಮರುದಿನ ಘಟ್ಟಕ್ಕೆ ಹೊರಟರೆ ರಾಗಿಹೊಸಳ್ಳಿಯಲ್ಲಿ ಒಮ್ಮೆ ನಿಲ್ಲಿಸುತ್ತೇನೆ. ಅಲ್ಲಿಯ ತನಕ ಬ್ರೇಕ್ ಹೆಚ್ಚು ಒತ್ತದೆ ಬಂದಿದ್ದರೆ ಎರಡೂ ಹಬ್ ಹೆಚ್ಚುಕಡಿಮೆ ಒಂದೇ ಬಿಸಿ ಇರಬೇಕು. ಕೈ ಹತ್ತಿರ ಒಯ್ದಾಗಲೇ ಹಿಂದಿನದು ಮಾತ್ರ ಸುಡುತ್ತಿದ್ದರೆ ಬಾಳೆಗೊನೆ ಕೆಳಗಿಳಿಸಿ, ರಾಡಿನ ನಟ್ ಅರ್ಧ ಸುತ್ತು ಬಿಟ್ಟು, ಪೂರ್ತಿ ಆರುವ ತನಕ ಅಲ್ಲೇ ಕೂತಿರುತ್ತೇನೆ.